ಹಿಂದಕ್ಕೆ ಹೋದ ರೆಕಾರ್ಡ್: ಮೇನಾರ್ಡ್ ಫರ್ಗುಸನ್ ಟ್ರಂಪೆಟ್‌ನಲ್ಲಿ ಯಾರಿಗೆ ಏನು ಕೇಳಿಸಿತು?

1949ರಲ್ಲಿ ಅಮೆರಿಕದ ಕ್ಯಾಪಿಟಲ್ ಕಂಪನಿಗಾಗಿ ಚಾರ್ಲಿ ಬಾರ್ನೆಟ್ ಅವರ ಬಿಗ್ ಬ್ಯಾಂಡ್ (ದೊಡ್ಡ ಜಾಝ್ ತಂಡ) ಒಂದು ಹಾಡನ್ನು ರೆಕಾರ್ಡ್ ಮಾಡಿತು. ಹಾಡು ನಾಟಕಗಳಿಗೆ ಸಂಗೀತ ಬರೆಯುತ್ತಿದ್ದ ಜೆರೋಮ್ ಕರ್ನ್ ಅವರದು, ಹೆಸರು ‘ಆಲ್ ದ ಥಿಂಗ್ಸ್ ಯು ಆರ್’. ಅದರಲ್ಲಿ ಎಲ್ಲರ ಗಮನ ಸೆಳೆದದ್ದು ಹೈ ನೋಟ್‌ಗಳಲ್ಲಿ, ಅಂದರೆ ತುಂಬ ಎತ್ತರದ ಸ್ವರಗಳಲ್ಲಿ, ಅಬ್ಬರಿಸಿದ ಟ್ರಂಪೆಟ್. ಊದಿದವರು ಕೆನಡಾದ ಮಾಂಟ್ರಿಯಲ್ ಕಡೆಯಿಂದ ಬಂದಿದ್ದ ಮೇನಾರ್ಡ್ ಫರ್ಗುಸನ್. ಹುಟ್ಟಿದ್ದು 1928ರ ಮೇ ತಿಂಗಳಲ್ಲಿ. ಅಂದರೆ ಆಗಿನ್ನೂ ಇಪ್ಪತ್ತೊಂದರ ಆಸುಪಾಸು.

ರೆಕಾರ್ಡ್ ಹೊರಬಂತು. ಕರ್ನ್ ಆಗಲೇ ತೀರಿಕೊಂಡಿದ್ದರು. ಅವರ ಪತ್ನಿ ಅದಕ್ಕೆ ಕೆಂಡಾಮಂಡಲವಾದರು. ಆಮೇಲೆ ಕಂಪನಿ ರೆಕಾರ್ಡನ್ನು ಮಾರಾಟದಿಂದಲೇ ಹಿಂದಕ್ಕೆ ತೆಗೆದುಕೊಂಡಿತು. ಆದರೆ ಅದೇ ಥರದ ಊದುವಿಕೆಗೆ ಇನ್ನೊಂದು ಕಡೆ ಚಪ್ಪಾಳೆಯೋ ಚಪ್ಪಾಳೆ. 1950, 1951, 1952ರಲ್ಲಿ ಸತತವಾಗಿ ‘ಡೌನ್‌ಬೀಟ್’ ಎಂಬ ಜಾಝ್ ಪತ್ರಿಕೆಯ ಓದುಗರು ಫರ್ಗುಸನ್ ಅವರನ್ನೇ ಅತ್ಯುತ್ತಮ ಟ್ರಂಪೆಟ್ ವಾದಕ ಎಂದು ಆರಿಸಿದರು.

ಒಬ್ಬರಿಗೆ ಅಪಚಾರ, ಇನ್ನೊಬ್ಬರಿಗೆ ಪವಾಡ. ಇಂಥ ಕಡೆ ಸಾಮಾನ್ಯವಾಗಿ ‘ಅವರವರ ಅಭಿರುಚಿ’ ಅಂದು ಮಾತು ಮುಗಿಸುತ್ತಾರೆ. ನನಗೆ ಅದು ಸೋಮಾರಿ ಉತ್ತರ ಅನಿಸುತ್ತದೆ. ಊದಿದ್ದು ಕಷ್ಟದ್ದು ಎಂಬ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ. ಜಗಳ ಇದ್ದದ್ದು ಆ ಮೂರು ನಿಮಿಷ ಯಾರಿಗೆ ಸೇರಿದ್ದು ಎಂಬುದರ ಬಗ್ಗೆ. ಹಾಡಿಗೋ, ಊದುವವರಿಗೋ?

ಮೊದಲು ಆ ಹಾಡು

‘ಆಲ್ ದ ಥಿಂಗ್ಸ್ ಯು ಆರ್’ ಹುಟ್ಟಿದ್ದು 1939ರ ‘ವೆರಿ ವಾರ್ಮ್ ಫಾರ್ ಮೇ’ ಎಂಬ ಬ್ರಾಡ್‌ವೇ ಸಂಗೀತ ನಾಟಕಕ್ಕಾಗಿ. ಸಾಹಿತ್ಯ ಆಸ್ಕರ್ ಹ್ಯಾಮರ್‌ಸ್ಟೈನ್ ಅವರದು. ನಾಟಕ 59 ಪ್ರದರ್ಶನಕ್ಕೇ ಮುಗಿಯಿತು. ಹಾಡು ಮಾತ್ರ ಉಳಿದುಕೊಂಡಿತು. ಟಾಮಿ ಡಾರ್ಸಿ ಅವರ ಬ್ಯಾಂಡ್ ಅದನ್ನು ಜನಪ್ರಿಯ ಮಾಡಿತು.

ಕೇಳಲು ಸುಲಭ, ಒಳಗೆ ನೋಡಿದರೆ ಜಟಿಲ. ಆ ಕಾಲದ ಹಾಡುಗಳು ಸಾಮಾನ್ಯವಾಗಿ 32 ಬಾರ್ (ತಾಳದ ಆವರ್ತದಂಥ ಅಳತೆ) ಇರುತ್ತಿದ್ದವು. ಇದು 36. ಅಷ್ಟರಲ್ಲೇ ಐದು ಶ್ರುತಿಗಳನ್ನು ಸುತ್ತಿ ಬರುತ್ತದೆ: ಎ ಫ್ಲಾಟ್, ಸಿ, ಇ ಫ್ಲಾಟ್, ಜಿ, ಇ. ನನಗೆ ತುಂಬ ಇಷ್ಟವಾದ ಜಾಗ ಮಧ್ಯಭಾಗ ಮುಗಿಯುವಲ್ಲಿದೆ. ಮಟ್ಟು ಜಿ ಶಾರ್ಪ್ ಸ್ವರದ ಮೇಲೆ ಬಂದು ನಿಲ್ಲುತ್ತದೆ. ಸ್ವರ ಅಲ್ಲೇ ಇರುತ್ತದೆ, ಕೆಳಗಿನ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಮಾತ್ರ ಜರುಗುತ್ತದೆ. ಅದೇ ಸ್ವರ ಈಗ ಎ ಫ್ಲಾಟ್ ಎಂಬ ತನ್ನ ಇನ್ನೊಂದು ಹೆಸರಿನಲ್ಲಿ ಹಾಡಿನ ಮೊದಲ ಸಾಲನ್ನು ಮತ್ತೆ ಶುರುಮಾಡುತ್ತದೆ. ಹೋದದ್ದು ಎಲ್ಲಿಗೆ, ಮರಳಿ ಬಂದದ್ದು ಯಾವಾಗ ಎಂದು ಗೊತ್ತೇ ಆಗುವುದಿಲ್ಲ.

ಇಂಥ ಹಾಡು ಗಮನವನ್ನು ಕೆಳಗಿನ ಚಲನೆಗೆ ಕೇಳುತ್ತದೆ. ಮೇಲೆ ಊದುತ್ತಿರುವವರು ಇನ್ನೆಷ್ಟು ಎತ್ತರಕ್ಕೆ ಹೋಗುತ್ತಾರೋ ಎಂದು ನೀವು ಉಸಿರು ಹಿಡಿದು ಕೂತರೆ, ಕೆಳಗೆ ಜರುಗಿದ್ದು ಕಿವಿಗೆ ಬೀಳುವುದೇ ಇಲ್ಲ. ಇನ್ನೊಂದು ಸಂಗತಿ. ಈ ಮಟ್ಟಿನ ಸ್ವರಗಳು ಉದ್ದ ಉದ್ದ, ನಡುವೆ ಜಾಗ ಜಾಸ್ತಿ. ಜಾಗ ಇದ್ದ ಕಡೆ ಏನಾದರೂ ತುಂಬೋಣ ಎನ್ನುವ ಆಸೆ ಅರೇಂಜರ್‌ಗೆ (ಹಾಡನ್ನು ಬ್ಯಾಂಡ್‌ಗೆ ಹೊಂದಿಸಿ ಬರೆಯುವವರಿಗೆ) ಬಂದೇ ಬರುತ್ತದೆ. ಅದಕ್ಕೇ ಜಾಝ್‌ನವರು ಇದರ ಬೆನ್ನು ಬಿಡಲಿಲ್ಲ. 1945ರಲ್ಲೇ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಮತ್ತು ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಇದನ್ನು ರೆಕಾರ್ಡ್ ಮಾಡಿದ್ದರು. ಅದಕ್ಕೆ ಅವರು ಸೇರಿಸಿದ ಶುರುವಾತು ಇವತ್ತಿಗೂ ಜಾಝ್ ನುಡಿಸುವವರಿಗೆ ಬಾಯಿಪಾಠ.

ಸಿಟ್ಟು ಹೊಸದಾಗಿರಲಿಲ್ಲ

ಕರ್ನ್ ಪತ್ನಿಯ ಕಥೆಯನ್ನು ಟ್ರಂಪೆಟ್ ಪ್ರಿಯರು ಹೇಳುವ ಧಾಟಿಯೇ ಬೇರೆ. ಸಂಗೀತ ಗೊತ್ತಿಲ್ಲದ ಶ್ರೀಮಂತ ವಿಧವೆ, ಪಾಪದ ಹುಡುಗನ ಪ್ರತಿಭೆ. ಇದು ಅನ್ಯಾಯದ ಚಿತ್ರ. ಆ ಸಿಟ್ಟು ಅವರದಷ್ಟೇ ಆಗಿರಲಿಲ್ಲ, ಅದು ಗಂಡನ ಕಾಲದಿಂದಲೇ ಬಂದದ್ದು.

1924ರಲ್ಲಿ ‘ಸಿಟ್ಟಿಂಗ್ ಪ್ರೆಟಿ’ ಎಂಬ ನಾಟಕಕ್ಕೆ ಕರ್ನ್ ಸಂಗೀತ ಮಾಡಿದ್ದರು. ಡ್ಯಾನ್ಸ್ ಬ್ಯಾಂಡ್‌ಗಳು ತಮ್ಮ ಹಾಡುಗಳನ್ನು ನುಡಿಸುತ್ತಿದ್ದ ರೀತಿ ಅವರಿಗೆ ಹಿಡಿಸಿರಲಿಲ್ಲ. ಆ ನಾಟಕದ ಹಾಡುಗಳನ್ನು ಯಾರೂ ರೆಕಾರ್ಡ್ ಮಾಡಬಾರದು, ರೇಡಿಯೋದಲ್ಲಿ, ಕ್ಯಾಬರೆಯಲ್ಲಿ ನುಡಿಸಬಾರದು ಎಂದು ಪಟ್ಟು ಹಿಡಿದರು. ನಾಟಕಕ್ಕೆ ಸಿಗಬೇಕಾದ ಪ್ರಚಾರವನ್ನು ತಾವೇ ಕೈಯಾರೆ ಕಳೆದುಕೊಂಡರು. ಹಾಡನ್ನು ಹೇಗೆ ಬರೆದರೋ ಹಾಗೇ ಕೇಳಬೇಕು ಎನ್ನುವವರಿಗೆ ಅದು ದೊಡ್ಡ ನಷ್ಟ ಅನಿಸಲಿಲ್ಲ, ಅಷ್ಟೇ.

ಕರ್ನ್ 1945ರ ನವೆಂಬರ್‌ನಲ್ಲಿ ತೀರಿಕೊಂಡರು. ಮರುವರ್ಷವೇ ಗಿಲೆಸ್ಪಿ ತಂತಿವಾದ್ಯಗಳ ದೊಡ್ಡ ಆರ್ಕೆಸ್ಟ್ರಾ ಇಟ್ಟುಕೊಂಡು ಕರ್ನ್ ಹಾಡುಗಳನ್ನು ನುಡಿಸಿದರು. ಕರ್ನ್ ಕಡೆಯವರ ಆಕ್ಷೇಪದಿಂದ ಅದರ ಬಿಡುಗಡೆ ನಿಂತುಹೋಯಿತು. ಬಾರ್ನೆಟ್ ರೆಕಾರ್ಡಿನ ಗಲಾಟೆ ಇದಾದ ಮೇಲಿನದು. ಆಮೇಲೆ 1958ರಲ್ಲಿ ದ ಪ್ಲ್ಯಾಟರ್ಸ್ ಎಂಬ ಗಾಯಕರ ತಂಡ ಕರ್ನ್ ಅವರದೇ ‘ಸ್ಮೋಕ್ ಗೆಟ್ಸ್ ಇನ್ ಯುವರ್ ಐಸ್’ ಹಾಡಿದಾಗಲೂ ಅವರ ಪತ್ನಿಗೆ ಅಸಮಾಧಾನ. ಕಾನೂನು ಕ್ರಮದ ಯೋಚನೆಯೂ ಇತ್ತು ಎಂದು ದಾಖಲಾಗಿದೆ. ಆ ಹಾಡು 1959ರ ಶುರುವಿನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು. ಪ್ಲ್ಯಾಟರ್ಸ್ ಹಾಡಿದ್ದರಲ್ಲಿ ಹೈ ನೋಟ್‌ಗಳ ಟ್ರಂಪೆಟ್ ಎಲ್ಲಿತ್ತು? ಹಾಗಾಗಿ ಆಕೆಯ ತಕರಾರು ಜೋರು ಸದ್ದಿನ ಮೇಲೆ ಮಾತ್ರ ಇತ್ತು ಅನ್ನಲಾಗದು. ಹಾಡು ಇನ್ನೊಬ್ಬರ ಕೈಯಲ್ಲಿ ಇನ್ನೇನೋ ಆಗುತ್ತದಲ್ಲ, ನೋವು ಅಲ್ಲಿತ್ತು.

ಕಿವಿಗೆ ಆಗುವುದೇನು

ಫರ್ಗುಸನ್ ಹೆಸರು ಮಾಡಿದ್ದು ಮೇಲಿನ ಸ್ಥಾಯಿಯಿಂದ. ಬಿ ಫ್ಲಾಟ್ ಟ್ರಂಪೆಟ್‌ನ ಕೊಳವೆ ಬಿಚ್ಚಿ ಅಳೆದರೆ ಸುಮಾರು ಒಂದೂವರೆ ಮೀಟರ್. ಟ್ರಂಪೆಟ್‌ನವರು ‘ಹೈ ಸಿ’ ಎನ್ನುವ ಸ್ವರದಲ್ಲಿ ತುಟಿ ಸೆಕೆಂಡಿಗೆ ಸುಮಾರು 930 ಸಲ ಕಂಪಿಸುತ್ತದೆ. ಅದಕ್ಕೂ ಒಂದು ಸ್ಥಾಯಿ ಮೇಲೆ ‘ಡಬಲ್ ಹೈ ಸಿ’. ಅಲ್ಲಿ ಸುಮಾರು 1,865 ಸಲ.

ಕೆಳಗಿನ ಸ್ವರಗಳಲ್ಲಿ ವಾದ್ಯವೇ ನಿಮಗೆ ಸಹಾಯ ಮಾಡುತ್ತದೆ. ಧ್ವನಿಯ ಅಲೆ ಹೂವಿನಂತೆ ಅರಳಿದ ಆ ಬಾಯಿಯವರೆಗೆ ಹೋಗಿ, ಅಲ್ಲಿಂದ ಭಾಗಶಃ ವಾಪಸ್ ಬಂದು ತುಟಿಯ ಕಂಪನವನ್ನು ಹಿಡಿದು ನಿಲ್ಲಿಸುತ್ತದೆ. ಸುಮಾರು 1,500 ಹರ್ಟ್ಸ್ (ಸೆಕೆಂಡಿಗೆ 1,500 ಕಂಪನ) ದಾಟಿದ ಮೇಲೆ ಅಲೆ ಹೆಚ್ಚುಕಡಿಮೆ ಪೂರ್ತಿ ಹೊರಗೆ ಹೋಗಿಬಿಡುತ್ತದೆ, ವಾಪಸ್ ಬರುವುದು ತೀರಾ ಕಮ್ಮಿ. ಅಲ್ಲಿಂದ ಮುಂದೆ ವಾದ್ಯದ ಆಸರೆ ಇಲ್ಲ. ತುಟಿ, ಉಸಿರು, ನೆನಪು, ಇಷ್ಟೇ. ಸ್ವಲ್ಪ ಆಚೀಚೆ ಆದರೆ ಸ್ವರ ಒಡೆಯುತ್ತದೆ, ಅದೂ ಎಲ್ಲರಿಗೂ ಕೇಳುವ ಹಾಗೆ.

ಕೇಳುವವರ ಕಡೆಯಿಂದ ನೋಡಿ. ಮನುಷ್ಯರ ಕಿವಿ ಜಾಸ್ತಿ ಚುರುಕಾಗಿರುವುದು ಸುಮಾರು 2,000ದಿಂದ 5,000 ಹರ್ಟ್ಸ್ ನಡುವೆ. ಹೈ ನೋಟ್‌ಗಳ ಉಪಸ್ವರಗಳು (ಮೂಲ ಸ್ವರದ ಜೊತೆಗೇ ಹುಟ್ಟುವ ಇನ್ನೂ ಎತ್ತರದ ಸ್ವರಗಳು) ಬಂದು ಬೀಳುವುದು ಸರಿಯಾಗಿ ಅಲ್ಲೇ. ಜೋರಾಗಿ ಊದಿದಷ್ಟೂ ಆ ಉಪಸ್ವರಗಳು ಬಲವಾಗುತ್ತವೆ. ಹಾಗಾಗಿ ಇಡೀ ಬ್ಯಾಂಡ್ ನುಡಿಸುತ್ತಿದ್ದರೂ ಈ ಒಂದು ಟ್ರಂಪೆಟ್ ಎಲ್ಲರ ತಲೆಯ ಮೇಲೆ ಹಾದು ನೇರ ಕಿವಿಗೆ ಬರುತ್ತದೆ. ಗಮನ ಕೊಡಬೇಡಿ ಅಂದರೆ ಆಗದು. ಒಬ್ಬರಿಗೆ ಮೈ ಜುಮ್ಮೆನ್ನುತ್ತದೆ, ಇನ್ನೊಬ್ಬರು ಮುಖ ಕಿವುಚುತ್ತಾರೆ. ಎರಡಕ್ಕೂ ಕಾರಣ ಒಂದೇ.

ಇದರ ಜೊತೆಗೆ ಆತಂಕ ಬೇರೆ. ಹಗ್ಗದ ಮೇಲೆ ನಡೆಯುವವರನ್ನು ನೋಡುವಾಗ ನಮ್ಮ ಅಂಗಾಲು ಬಿಗಿಯಾಗುತ್ತದಲ್ಲ, ಹಾಗೆ ಇಲ್ಲಿ ನಮ್ಮ ಗಂಟಲು ಬಿಗಿಯಾಗುತ್ತದೆ. ಸ್ವರ ನಿಂತಾಗ ಬರುವ ಚಪ್ಪಾಳೆಯಲ್ಲಿ ಅರ್ಧ ಮೆಚ್ಚುಗೆ, ಅರ್ಧ ನಿರಾಳ.

ಸಭಾಂಗಣ ಬೇರೆ, ಮನೆಯ ಗ್ರಾಮಫೋನ್ ಬೇರೆ

ಈ ಪ್ರಕರಣದಲ್ಲಿ ಯಾರೂ ಅಷ್ಟಾಗಿ ಗಮನಿಸದ ಅಂಶ ಇದು. ಬಿಗ್ ಬ್ಯಾಂಡ್‌ನ ಹೈ ನೋಟ್ ಹುಟ್ಟಿದ್ದು ಸಭಾಂಗಣಕ್ಕಾಗಿ. ಅಲ್ಲಿ ಊದುವವರ ಕೆಂಪಾದ ಮುಖ, ಕತ್ತಿನ ನರ, ಹಿಂದೆ ಬಾಗಿದ ಬೆನ್ನು ಎಲ್ಲ ಕಾಣುತ್ತದೆ. ಪಕ್ಕದವರು ಕೂಗುತ್ತಾರೆ, ನೀವೂ ಕೂಗುತ್ತೀರಿ. ಒಂದು ಸಲ ಆಗಿ ಮುಗಿದುಹೋಗುತ್ತದೆ.

ರೆಕಾರ್ಡ್ ಹಾಗಲ್ಲ. ಹತ್ತು ಇಂಚಿನ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ. ಕೋಣೆಯಲ್ಲಿ ಒಬ್ಬರೇ ಕೂತು ಕೇಳುವುದು. ಮುಖ ಕಾಣುವುದಿಲ್ಲ. ಎರಡನೇ ಸಲ ಹಾಕುವಷ್ಟರಲ್ಲಿ ಸ್ವರ ಒಡೆಯುವುದಿಲ್ಲ ಎಂದು ಗೊತ್ತಾಗಿರುತ್ತದೆ. ಆತಂಕ ಹೋಯಿತು. ಉಳಿಯುವುದು ಸಂಗೀತ ಮಾತ್ರ. ಈ ಪರೀಕ್ಷೆಯಲ್ಲಿ ಎಷ್ಟೋ ಅಬ್ಬರದ ಸೋಲೊಗಳು ಸುಮ್ನೆ ಸೋತುಹೋಗುತ್ತವೆ.

ಮತ್ತೆ ಮತ್ತೆ ಕೇಳಿದರೂ ದಣಿಯದವರು ಒಂದು ಗುಂಪಿದ್ದಾರೆ. ಅವರೇ ಟ್ರಂಪೆಟ್ ನುಡಿಸುವವರು. ಅವರು ಹಾಡನ್ನು ಹುಡುಕಿಕೊಂಡು ಬಂದವರೇ ಅಲ್ಲ. ಉಸಿರು ಎಲ್ಲಿ ತೆಗೆದುಕೊಂಡರು, ಸ್ವರದ ಶುರು ಎಷ್ಟು ಶುದ್ಧ, ಮೇಲೆ ಹೋದಾಗ ನಾದ ತೆಳುವಾಯಿತೇ, ಇದನ್ನೆಲ್ಲ ಕೇಳುತ್ತಾರೆ. ಹೈ ನೋಟ್ ಊದುವವರು ಫರ್ಗುಸನ್‌ಗಿಂತ ಮೊದಲೂ ಇದ್ದರು. ಡ್ಯೂಕ್ ಎಲಿಂಗ್ಟನ್ ಬ್ಯಾಂಡ್‌ನ ಕ್ಯಾಟ್ ಆಂಡರ್ಸನ್ ಅದಕ್ಕೇ ಹೆಸರಾದವರು. ಆದರೆ ಹಲವರು ಅಲ್ಲಿಗೆ ಹೋಗಿ ಒಂದು ಸ್ವರ ಮುಟ್ಟಿ ಇಳಿಯುತ್ತಿದ್ದರು. ಫರ್ಗುಸನ್ ಅಲ್ಲೇ ಕೂತು ತುಂಬು ನಾದದಲ್ಲಿ ಮಟ್ಟು ನುಡಿಸುತ್ತಿದ್ದರು. ಟ್ರಂಪೆಟ್‌ನವರಿಗೆ ಇದು ವಾದ್ಯದ ಗಡಿಯೇ ಸರಿದ ಹಾಗೆ. ಬಾರ್ನೆಟ್ ಬ್ಯಾಂಡ್‌ನಲ್ಲಿ ಅವರ ಪಕ್ಕದ ಕುರ್ಚಿಗಳಲ್ಲಿ ಡಾಕ್ ಸೆವೆರಿನ್ಸನ್, ರೇ ವೆಟ್ಜೆಲ್, ರೋಲ್ಫ್ ಎರಿಕ್ಸನ್ ಇದ್ದರು. ಸೆವೆರಿನ್ಸನ್ ಮುಂದೆ ‘ಟುನೈಟ್ ಶೋ’ ಟಿವಿ ಕಾರ್ಯಕ್ರಮದ ಬ್ಯಾಂಡ್ ಮುಖ್ಯಸ್ಥರಾಗಿ 1992ರವರೆಗೆ ಇದೇ ಜಾತಿಯ ಟ್ರಂಪೆಟ್ ಊದಿದರು. ಮಲಗುವ ಹೊತ್ತಿಗೆ ಟಿವಿ ನೋಡುವ ಅಮೆರಿಕದ ಜನ ಅದಕ್ಕೆ ಒಗ್ಗಿಹೋದರು.

ಅದೇ ತುಟಿ, ಬೇರೆ ಹಾಡು

ನನ್ನ ವಾದಕ್ಕೆ ಬಲ ಕೊಡುವುದು ಆಮೇಲೆ ನಡೆದದ್ದು. ಬಾರ್ನೆಟ್ ತಮ್ಮ ಬ್ಯಾಂಡನ್ನು 1949ರ ಕೊನೆಗೆ ಮುಚ್ಚಿದರು. ಅದು ಬಿಗ್ ಬ್ಯಾಂಡ್‌ಗಳಿಗೆ ಕೆಟ್ಟ ಕಾಲ. 1946ರ ಕೊನೆಯ ಹೊತ್ತಿಗೇ ಹಲವು ದೊಡ್ಡ ಹೆಸರಿನ ಬ್ಯಾಂಡ್‌ಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದ್ದವು. ಕುಣಿಯಲು ಬರುವವರು ಕಮ್ಮಿಯಾಗಿದ್ದರು. ಉಳಿದ ಬ್ಯಾಂಡ್‌ಗಳಿಗೆ ಕೂತು ಕೇಳುವವರನ್ನು ಬೆರಗುಗೊಳಿಸುವುದೊಂದೇ ದಾರಿ ಎಂಬಂತೆ ಆಗಿತ್ತು.

1950ರ ಶುರುವಿನಲ್ಲಿ ಫರ್ಗುಸನ್ ಸ್ಟಾನ್ ಕೆಂಟನ್ ಅವರ ‘ಇನ್ನೊವೇಷನ್ಸ್’ ಆರ್ಕೆಸ್ಟ್ರಾ ಸೇರಿದರು. ಅದು ತಂತಿವಾದ್ಯಗಳೂ ಸೇರಿ ಸುಮಾರು ನಲವತ್ತು ಜನರ ತಂಡ. ಕೆಂಟನ್ ಅಭಿಮಾನಿಗಳು ಕುಣಿಯಲು ಬಂದವರಲ್ಲ, ಬೆರಗಾಗಲೆಂದೇ ಬಂದವರು. ಅಲ್ಲಿ ಶಾರ್ಟಿ ರಾಜರ್ಸ್ ಫರ್ಗುಸನ್‌ಗಾಗಿಯೇ ಒಂದು ಕೃತಿ ಬರೆದರು. ಅದರ ಹೆಸರೂ ‘ಮೇನಾರ್ಡ್ ಫರ್ಗುಸನ್’. ಅಬ್ಬರ ಅಷ್ಟೇ, ಎತ್ತರ ಅಷ್ಟೇ. ಆದರೆ ಹಾಡು ಹಾಳಾಯಿತು ಎಂದು ದೂರಲು ಅಲ್ಲಿ ಯಾರಿದ್ದರು? ಹಾಡೇ ಅವರದು. ಅಲ್ಲಿ ಕೇಳುಗರು ಬಯಸಿ ಬಂದದ್ದೂ ಫರ್ಗುಸನ್ ಕೊಟ್ಟದ್ದೂ ಒಂದೇ ಆಗಿತ್ತು. ‘ಡೌನ್‌ಬೀಟ್’ ಮತಗಳು ಬಂದದ್ದು ಈ ಕಾಲದಲ್ಲೇ.

ಇನ್ನೊಂದು ಉದಾಹರಣೆ ಎಲಿಂಗ್ಟನ್ ಅವರದು. 1956ರ ಜುಲೈ 7ರಂದು ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಅವರ ಬ್ಯಾಂಡ್ ‘ಡಿಮಿನುಯೆಂಡೊ ಆ್ಯಂಡ್ ಕ್ರೆಸೆಂಡೊ ಇನ್ ಬ್ಲೂ’ ನುಡಿಸಿತು. ಪಾಲ್ ಗೊನ್ಸಾಲ್ವೆಸ್ ಟೆನರ್ ಸ್ಯಾಕ್ಸೋಫೋನ್‌ನಲ್ಲಿ 27 ಕೋರಸ್ (ಮಟ್ಟಿನ ಇಡೀ ಸುತ್ತು) ಎಳೆದರು. ಜನ ಎದ್ದು ಕುಣಿದರು. ಕೊನೆಯಲ್ಲಿ ಕ್ಯಾಟ್ ಆಂಡರ್ಸನ್ ತುತ್ತತುದಿಗೆ ಹೋದಾಗ ಯಾರಿಗೂ ಅದು ಅತಿ ಅನಿಸಲಿಲ್ಲ. ಅಷ್ಟು ಹೊತ್ತು ಏರುತ್ತಾ ಬಂದ ಬಿಸಿಗೆ ಇನ್ನೆಲ್ಲಿ ಹೋಗಲು ಜಾಗ ಇತ್ತು? ಎಲಿಂಗ್ಟನ್ ಆ ಸ್ವರಕ್ಕೆ ಒಂದು ಕೆಲಸ ಕೊಟ್ಟಿದ್ದರು.

ಫರ್ಗುಸನ್ ಬದುಕಿನ ನಡುಭಾಗವನ್ನು ಬೇಗ ದಾಟುತ್ತೇನೆ. ಹಾಲಿವುಡ್‌ನಲ್ಲಿ ಪ್ಯಾರಾಮೌಂಟ್ ಸ್ಟುಡಿಯೋ ಕೆಲಸ, ಆಮೇಲೆ ಸ್ವಂತ ಬ್ಯಾಂಡ್, 1960ರ ದಶಕದ ಕೊನೆಯಲ್ಲಿ ಭಾರತಕ್ಕೆ ಬಂದು ಋಷಿ ವ್ಯಾಲಿ ಶಾಲೆಯಲ್ಲಿ ಮಕ್ಕಳಿಗೆ ಪಾಠ (ಇದನ್ನೇ ಬೇರೆ ಲೇಖನ ಮಾಡಬಹುದು), ನಂತರ ಇಂಗ್ಲೆಂಡ್. ನಮಗೆ ಬೇಕಾದದ್ದು 1977. ಆ ವರ್ಷ ಅವರು ‘ರಾಕಿ’ ಸಿನಿಮಾದ ‘ಗೊನ್ನ ಫ್ಲೈ ನೌ’ ನುಡಿಸಿದರು. ಮೂಲ ಸಂಗೀತ ಬಿಲ್ ಕಾಂಟಿ ಅವರದು. ಫರ್ಗುಸನ್ ರೆಕಾರ್ಡ್ ಅಮೆರಿಕದ ಪಾಪ್ ಪಟ್ಟಿಯಲ್ಲಿ 28ನೇ ಸ್ಥಾನಕ್ಕೆ ಬಂತು. ಬಿಗ್ ಬ್ಯಾಂಡ್ ಟ್ರಂಪೆಟ್‌ಗೆ ಆ ಕಾಲದಲ್ಲಿ ಇದು ದೊಡ್ಡ ಮಾತು.

ಪಾಪ್ ಕೇಳುಗರಿಗೆ ಯಾಕೆ ಹಿಡಿಸಿತು? ಆ ಹಾಡಿನ ವಿಷಯವೇ ಬೆವರು ಸುರಿಸಿ ಮೇಲೆ ಏರುವುದು. ಸಿನಿಮಾದಲ್ಲಿ ಬಾಕ್ಸರ್ ಮೆಟ್ಟಿಲು ಹತ್ತುತ್ತಾನೆ, ಇಲ್ಲಿ ತುಟಿ ಹತ್ತುತ್ತದೆ. ಕಷ್ಟಪಡುವುದು ಕೇಳಿಸಿದಷ್ಟೂ ಹಾಡಿಗೆ ಒಳ್ಳೆಯದು. ಕರ್ನ್ ಹಾಡಿನಲ್ಲಿ ಇದು ತಲೆಕೆಳಗು. ಅಲ್ಲಿ ಕಷ್ಟವೆಲ್ಲ ಒಳಗೆ ಅಡಗಿರಬೇಕು, ಮೇಲೆ ಸರಾಗವಾಗಿ ಕಾಣಬೇಕು. ಬರೆದವರು ಐದು ಶ್ರುತಿ ಸುತ್ತಿದ್ದನ್ನು ಯಾರಿಗೂ ಗೊತ್ತಾಗದಂತೆ ಮುಚ್ಚಿಟ್ಟಿದ್ದಾರೆ. ನುಡಿಸುವವರು ತಮ್ಮ ಶ್ರಮವನ್ನು ಎಲ್ಲರಿಗೂ ತೋರಿಸಿದರೆ ಎರಡೂ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ.

ತಮಾಷೆಯೆಂದರೆ 1977ರಲ್ಲಿ ಮುನಿಸಿಕೊಂಡವರು ಜಾಝ್ ವಿಮರ್ಶಕರು. ಪಾಪ್, ಡಿಸ್ಕೊ ಕಡೆ ವಾಲಿದರು, ಅಗ್ಗವಾದರು ಎಂಬ ದೂರು. ಕಾಯುವ ವಸ್ತು ಮಾತ್ರ ಬದಲಾಗಿತ್ತು. ಕರ್ನ್ ಪತ್ನಿ ಹಾಡನ್ನು ಕಾಯುತ್ತಿದ್ದರು, ಇವರು ಜಾಝ್ ಅನ್ನು ಕಾಯುತ್ತಿದ್ದರು. ಇಬ್ಬರೂ ಟ್ರಂಪೆಟ್‌ಗಿಂತ ಹೆಚ್ಚಾಗಿ ತಮ್ಮ ವಸ್ತುವಿಗೆ ಆದ ಗಾಯವನ್ನೇ ಕೇಳಿಸಿಕೊಂಡರು.

ಹಿಂದಕ್ಕೆ ತೆಗೆದದ್ದು ಸರಿಯೇ?

ಆಕೆಯ ಕಿವಿ ತಪ್ಪಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಆ ರೆಕಾರ್ಡ್ ಈಗ ಕೇಳಲು ಸಿಗುತ್ತದೆ. ಕೇಳಿದರೆ ನೆನಪಿನಲ್ಲಿ ಉಳಿಯುವುದು ಫರ್ಗುಸನ್, ಹಾಡು ಅಲ್ಲ. ಆದರೆ ಕೇಳುವುದು ಒಂದು, ಬೇರೆಯವರು ಕೇಳದಂತೆ ಮಾಡುವುದು ಇನ್ನೊಂದು. ಅದರಿಂದ ಕರ್ನ್ ಹಾಡಿಗೆ ಏನೂ ಸಿಗಲಿಲ್ಲ. ಗಿಲೆಸ್ಪಿ, ಪಾರ್ಕರ್ ಕೈಯಲ್ಲಿ ಅದು ಆಗಲೇ ಜಾಝ್‌ನವರ ಪಾಲಾಗಿತ್ತು. ಫರ್ಗುಸನ್‌ಗಂತೂ ಲಾಭವೇ ಆಯಿತು. ನಿಷೇಧದ ವಾಸನೆ ಹತ್ತಿದ ರೆಕಾರ್ಡನ್ನು ಟ್ರಂಪೆಟ್ ವಿದ್ಯಾರ್ಥಿಗಳು ಬಿಡುತ್ತಾರಾ?

ಕಾನೂನಿನ ಕಡೆಯಿಂದಲೂ ವಿಷಯ ಕುತೂಹಲದ್ದು. ಅಮೆರಿಕದ 1909ರ ಕಾಪಿರೈಟ್ ಕಾನೂನಿನಲ್ಲಿ, ಹಕ್ಕುದಾರರು ಒಂದು ಹಾಡನ್ನು ಒಮ್ಮೆ ರೆಕಾರ್ಡ್ ಮಾಡಲು ಬಿಟ್ಟರೆ ಮುಗಿಯಿತು. ಆಮೇಲೆ ಯಾರು ಬೇಕಾದರೂ ಪ್ರತಿ ರೆಕಾರ್ಡಿಗೆ 2 ಸೆಂಟ್ ಕೊಟ್ಟು ಅದನ್ನು ರೆಕಾರ್ಡ್ ಮಾಡಬಹುದಿತ್ತು. ‘ಆಲ್ ದ ಥಿಂಗ್ಸ್ ಯು ಆರ್’ ಅಷ್ಟು ಹೊತ್ತಿಗೆ ಎಷ್ಟೋ ಸಲ ರೆಕಾರ್ಡ್ ಆಗಿತ್ತು. ಹಾಗಾಗಿ ನುಡಿಸಲೇಬೇಡಿ ಎನ್ನುವ ದಾರಿ ಮುಚ್ಚಿತ್ತು. ಆದರೆ ಎಷ್ಟು ಬದಲಾಯಿಸಬಹುದು ಎಂಬ ಬಗ್ಗೆ ಆ ಕಾನೂನು ಬಾಯಿ ಬಿಡುವುದಿಲ್ಲ. ಜಾಝ್‌ನ ಉಸಿರೇ ಬದಲಾಯಿಸುವುದು. ಹೀಗೆ ಬಿಟ್ಟ ಸಂದಿಯಲ್ಲಿ ಹಕ್ಕುದಾರರ ಸಿಟ್ಟಿಗೆ ಜಾಸ್ತಿ ತೂಕ ಬಂತು. ಹಾಡುಗಳಿಗಾಗಿ ಅದೇ ಹಕ್ಕುದಾರರ ಹತ್ತಿರ ಮತ್ತೆ ಮತ್ತೆ ಹೋಗಬೇಕಾದ ರೆಕಾರ್ಡ್ ಕಂಪನಿಗೆ ಒಂದು ತಟ್ಟೆಗಾಗಿ ಜಗಳ ಕಾಯುವ ಉಮೇದು ಎಲ್ಲಿಂದ ಬರಬೇಕು?

1976ರ ಕಾನೂನು ಈ ಸಂದಿಯನ್ನು ಮುಚ್ಚಿತು. ನುಡಿಸುವವರು ತಮ್ಮ ಶೈಲಿಗೆ ಹೊಂದುವಷ್ಟು ಅರೇಂಜ್‌ಮೆಂಟ್ ಮಾಡಿಕೊಳ್ಳಬಹುದು, ಆದರೆ ಮೂಲ ಮಟ್ಟನ್ನಾಗಲಿ ಕೃತಿಯ ಮೂಲ ಸ್ವಭಾವವನ್ನಾಗಲಿ ಬದಲಾಯಿಸುವಂತಿಲ್ಲ ಎಂದಿತು. ಬಾರ್ನೆಟ್ ರೆಕಾರ್ಡನ್ನು ಈ ತಕ್ಕಡಿಯಲ್ಲಿಟ್ಟರೆ ಮೊದಲ ಷರತ್ತಿನಲ್ಲಿ ಫರ್ಗುಸನ್ ಪಾರಾಗುತ್ತಾರೆ, ಯಾಕೆಂದರೆ ಯಾವ ಹಾಡು ಎಂದು ಯಾರಾದರೂ ಗುರುತಿಸುತ್ತಾರೆ. ಎರಡನೆಯದರಲ್ಲಿ ನಾನು ಕರ್ನ್ ಪತ್ನಿಯ ಪರ ಕೈ ಎತ್ತುತ್ತೇನೆ.